ಮೂವತ್ತೊಂದನೆಯ ಪ್ರಶ್ನೆ

ಬೆಳಗ್ಗೆ ಏಳೂ ಮುಕ್ಕಾಲಿಗೆ ಬಂದ ಒತಿಲಿಯಾ ಕವಾಸೋಸ್ ಕೈಚೀಲ ಕೆಳಗಿಡುವ ಮೊದಲೇ ಮಾಡುವ ಕೆಲಸ, ತೂಕದ ಯಂತ್ರವನ್ನು ಅರ್ಧ ಸುತ್ತು ತಿರುಗಿಸುವುದು. ನೆಲ ಒರೆಸುವವರು ಹಿಂದಿನ ಸಂಜೆ ಅದನ್ನು ಗೋಡೆಗೆ ನೇರವಾಗಿ, ಅಂದವಾಗಿ ನಿಲ್ಲಿಸಿ ಹೋಗಿರುತ್ತಾರೆ. ಹದಿನಾಲ್ಕು ವರ್ಷಗಳಿಂದ ಅವರೂ ಬಿಟ್ಟಿಲ್ಲ, ಈಕೆಯೂ ಬಿಟ್ಟಿಲ್ಲ. ಯಂತ್ರದ ಮೇಲೆ ಹತ್ತಿದ ಹುಡುಗಿಗೆ ಅಂಕಿ ಬೆನ್ನ ಹಿಂದಿರಬೇಕು, ಕಣ್ಣೆದುರು ಕಿಟಕಿ ಇರಬೇಕು. ಕಿಟಕಿಯಾಚೆ ಕಾರುಗಳು ನಿಲ್ಲುವ ಬಯಲು, ಅದರಂಚಿನ ತಾಳೆ ಮರಗಳಲ್ಲಿ ಬೆಳಗಿನಿಂದಲೇ ಜಗಳ ಹೂಡಿರುವ ಕರಿಹಕ್ಕಿಗಳು. ಹುಡುಗಿ ಹಕ್ಕಿಗಳನ್ನು ನೋಡುತ್ತಾಳೆ, ಒತಿಲಿಯಾ ಅಂಕಿಯನ್ನು ನೋಡುತ್ತಾರೆ. ಬರೆದುಕೊಂಡು, "ಇಳಿ ತಾಯಿ" ಎನ್ನುತ್ತಾರೆ. ಆ ಅಂಕಿಯ ಬಗ್ಗೆ ಅಷ್ಟೇ ಮಾತು.

ಟೆಕ್ಸಸ್ಸಿನ ದಕ್ಷಿಣದ ತುದಿಯಲ್ಲಿ, ರಿಯೊ ಗ್ರಾಂಡೆ ನದಿಗೆ ಒತ್ತಿಕೊಂಡ ಬಯಲನ್ನು ಅಲ್ಲಿಯವರು ಕಣಿವೆ ಎಂದೇ ಕರೆಯುತ್ತಾರೆ. ಅಲ್ಲಿನ ಒಂದು ಕಾಲೇಜಿನ ಆರೋಗ್ಯ ಕೇಂದ್ರ ಇದು. ಒತಿಲಿಯಾ ವೈದ್ಯರಲ್ಲ, ನರ್ಸೂ ಅಲ್ಲ. ಎದೆಯ ಮೇಲಿನ ಬಿಲ್ಲೆಯಲ್ಲಿ ಇರುವುದು ಸಹಾಯಕಿ ಎಂದು. ಹುಡುಗಿಯರು ಕರೆಯುವುದು ದೋನ್ಯಾ ಎಂದು, ಹಿರಿಯ ಹೆಂಗಸರಿಗೆ ಅಲ್ಲಿ ಕೊಡುವ ಮರ್ಯಾದೆ ಅದು. ವಯಸ್ಸು ಐವತ್ತೊಂಬತ್ತು. ತೂಕ, ರಕ್ತದೊತ್ತಡ, ನಾಡಿ ನೋಡುವುದು ಅವರ ಕೆಲಸ. ಅದರ ಜೊತೆಗೆ ಒಂದು ಕಾಗದ ತುಂಬಿಸುವ ಕೆಲಸವೂ ಇದೆ. ಅದರಲ್ಲಿ ಊಟದ ಬಗ್ಗೆ ಮೂವತ್ತು ಪ್ರಶ್ನೆಗಳು. ಊಟ ತಪ್ಪಿಸುತ್ತೀರಾ, ತಿಂದ ಮೇಲೆ ಮನಸ್ಸು ಕೆಡುತ್ತದೆಯೇ, ಕನ್ನಡಿ ನೋಡಲು ಹಿಂಜರಿಯುತ್ತೀರಾ, ಹೀಗೆ. ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಕೂಡಿದಾಗ ಇಪ್ಪತ್ತು ದಾಟಿದರೆ ಹುಡುಗಿ ಒಳಗಿನ ಕೋಣೆಗೆ ಹೋಗುತ್ತಾಳೆ, ದಾಟದಿದ್ದರೆ ಮನೆಗೆ. ಅನ್ನವನ್ನೇ ಶತ್ರು ಮಾಡಿಕೊಂಡವರನ್ನು, ಅವರ ಹೃದಯ ಸೋಲುವುದಕ್ಕೆ ಮೊದಲು ಗುರುತಿಸಬೇಕು. ಕಾಗದ ಇರುವುದು ಅದಕ್ಕೆ.

ಒಳಗಿನ ಕೋಣೆಯಲ್ಲಿ ಕೂರುವವರು ಮನೋವೈದ್ಯೆ ಹಾಲ್ವರ್ಸನ್. ಉತ್ತರದ ಮಿನ್ನೆಸೋಟ ರಾಜ್ಯದವರು, ಎತ್ತರದ ಆಳು, ಕಣಿವೆಯವರ ಮಾತಾದ ಸ್ಪ್ಯಾನಿಷ್ ಕಲಿಯಲು ಆರು ವರ್ಷ ಪಟ್ಟ ಶ್ರಮ ಇನ್ನೂ ಮುಗಿದಿಲ್ಲ. ಅವರು ಬಂದ ಮೊದಲ ವಾರವೇ ಒತಿಲಿಯಾ, "ನಿಮ್ಮೂರಿನ ಬೀಟ್‌ಗೆಡ್ಡೆ ಹೊಲದಲ್ಲಿ ನಾನು ಎಂಟು ಬೇಸಿಗೆ ಕಳೆ ತೆಗೆದಿದ್ದೀನಿ ಡಾಕ್ಟ್ರೇ. ನಮ್ಮೂರಿನ ಬಿಸಿಲು ನೀವು ಎಂಟು ವರ್ಷ ತಡ್ಕೊಳ್ಳಿ, ಲೆಕ್ಕ ಸರಿಹೋಗುತ್ತೆ" ಎಂದಿದ್ದರು. ಅದು ನಿಜ. ಅವರ ಅಪ್ಪ ಅಮ್ಮ ಪ್ರತಿ ಮೇ ತಿಂಗಳು ಮಕ್ಕಳನ್ನು ಹಳೆಯ ಲಾರಿಯಲ್ಲಿ ತುಂಬಿಕೊಂಡು ಉತ್ತರಕ್ಕೆ ಕೂಲಿಗೆ ಹೋಗುತ್ತಿದ್ದರು. ಒತಿಲಿಯಾ ಶಾಲೆ ಮುಗಿಸಿದ್ದು ಮದುವೆಯಾದ ಮೇಲೆ, ಸಹಾಯಕಿಯ ಪರೀಕ್ಷೆ ಪಾಸಾದದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ. ಆ ಪ್ರಮಾಣಪತ್ರ ಮನೆಯ ಹಜಾರದಲ್ಲಿ, ಕಣಿವೆಯವರೆಲ್ಲ ನಡೆದುಕೊಳ್ಳುವ ಸಾನ್ ಹುವಾನ್ ಮಾತೆಯ ಚಿತ್ರದ ಪಕ್ಕದಲ್ಲಿ, ಅಷ್ಟೇ ದೊಡ್ಡ ಚೌಕಟ್ಟಿನಲ್ಲಿದೆ.

ಪ್ರಶ್ನೆಗಳ ಕಾಗದವೂ ಉತ್ತರದ ರಾಜ್ಯಗಳಿಂದಲೇ ಬಂದದ್ದು. ಹಸಿವಿಲ್ಲದಿದ್ದರೂ ಹೊಟ್ಟೆ ಬಿರಿಯುವಷ್ಟು ತಿನ್ನುತ್ತೀರಾ ಎಂಬ ಪ್ರಶ್ನೆಗೆ ಮೊದಲ ವರ್ಷ ಅರ್ಧಕ್ಕರ್ಧ ಹುಡುಗಿಯರು 'ಪ್ರತಿ ವಾರ' ಎಂದು ಬರೆದರು. ಹಾಲ್ವರ್ಸನ್ ಗಾಬರಿಯಾಗಿ ಕಾಗದದ ಕಟ್ಟು ಹಿಡಿದುಕೊಂಡು ಹೊರಗೆ ಬಂದರು. ಒತಿಲಿಯಾ ಮೇಲಿನ ನಾಲ್ಕೈದು ನೋಡಿ, "ಡಾಕ್ಟ್ರೇ, ಇದು ಕಾಯಿಲೆ ಅಲ್ಲ. ಇದು ಭಾನುವಾರ" ಎಂದರು.

ಭಾನುವಾರ ಎಲ್ಲರೂ ಸೇರುವ ಅಜ್ಜಿಯ ಮನೆಯಲ್ಲಿ ತಟ್ಟೆಗೆ ಬಿದ್ದದ್ದನ್ನು ಬೇಡ ಎನ್ನುವುದು ಎಷ್ಟು ದೊಡ್ಡ ಅವಮರ್ಯಾದೆ ಎಂದು ಅರ್ಧ ಗಂಟೆ ವಿವರಿಸಿದರು. ಹಾಲ್ವರ್ಸನ್ ಬರೆದುಕೊಂಡರು. ಅಂದಿನಿಂದ ಕಾಗದದ ಬಲಗಡೆಯ ಅಂಚು ಒತಿಲಿಯಾರದ್ದು. ಉತ್ತರ ಕೇಳಿ, ಹುಡುಗಿಯ ಮುಖ ನೋಡಿ, ಊರಿನ ನಡವಳಿಕೆ ತಿಳಿದು ಅವರು ಅಂಚಿನಲ್ಲಿ ಒಂದೆರಡು ಪದ ಬರೆಯುತ್ತಾರೆ. ಬೇಕಾದರೆ ಅಂಕ ತಿದ್ದುತ್ತಾರೆ. ಹಾಲ್ವರ್ಸನ್ ಅಂಚನ್ನೇ ಮೊದಲು ಓದುತ್ತಾರೆ. ಒಮ್ಮೆ ಸಾನ್ ಅಂತೋನಿಯೋದಿಂದ ಬಂದಿದ್ದ ತಜ್ಞರ ಮುಂದೆ, "ನನ್ನ ಓದಿಗಿಂತ ಈ ಅಂಚು ನನಗೆ ಹೆಚ್ಚು ಕಲಿಸಿದೆ" ಎಂದಿದ್ದರು. ಒತಿಲಿಯಾ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಆ ಮಾತನ್ನು ಅಕ್ಷರವೂ ಬಿಡದೆ ಮನೆಗೆ ಹೊತ್ತುಕೊಂಡು ಹೋದರು.

ಆ ಅಂಚಿನಲ್ಲೇ ಅವರು ತಪ್ಪಿದ್ದು.

ಯಾದಿರಾ ಲೊಂಗೋರಿಯಾ ಬಂದದ್ದು ಸೆಪ್ಟೆಂಬರಿನಲ್ಲಿ. ಇಪ್ಪತ್ತು ವರ್ಷ, ನರ್ಸಿಂಗ್ ಎರಡನೆಯ ವರ್ಷ. ಆಸ್ಪತ್ರೆಯ ತರಬೇತಿಗೆ ಕಾಲಿಡುವ ಮೊದಲು ಎಲ್ಲರಿಗೂ ಆಗಬೇಕಾದ ತಪಾಸಣೆಗೆ ಬಂದಿದ್ದಳು. ಅವಳ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಸಣಕಲಿಯಲ್ಲ, ಗಟ್ಟಿ ಎಲುಬಿನ, ಅಗಲ ಭುಜದ ಹುಡುಗಿ, ಸೊಂಟ ಮುಟ್ಟುವ ಜಡೆ. ಕಾಯಿಲೆಯ ಬಗ್ಗೆ ಗೋಡೆಗೆ ಅಂಟಿಸಿದ್ದ ಚಿತ್ರದ ಬಡಕಲು ಹುಡುಗಿಗೂ ಇವಳಿಗೂ ಯಾವ ಹೋಲಿಕೆಯೂ ಇರಲಿಲ್ಲ.

ಕಾಗದದಲ್ಲಿ ನಾಲ್ಕು ಕಡೆ 'ಯಾವಾಗಲೂ' ಎಂದು ಬರೆದಿದ್ದಳು. ಊಟ ತಪ್ಪಿಸುವುದು, ಬ್ರೆಡ್ಡು, ಟೋರ್ಟಿಯಾ ರೊಟ್ಟಿ ಮುಟ್ಟದಿರುವುದು, ಸಿಹಿ ಮುಟ್ಟದಿರುವುದು, ಬೇರೆಯವರು ಬಡಿಸಿದ್ದನ್ನು ಬೇಡ ಎನ್ನುವುದು.

"ಇದೇನು ಮಗಳೇ, ಅಜ್ಜಿ ಬಡಿಸಿದ್ರೂ ಬೇಡ ಅಂತೀಯಾ?" ಎಂದು ಒತಿಲಿಯಾ ಕೇಳಿದರು.

"ಹರಕೆ, ದೋನ್ಯಾ ಒತಿಲಿಯಾ. ಸಾನ್ ಹುವಾನ್ ಮಾತೆಗೆ. ಅಪ್ಪನಿಗೆ ಮೂತ್ರಪಿಂಡದ ಆಪರೇಷನ್ ಆಯ್ತಲ್ಲ, ಆವಾಗ ಹೊತ್ಕೊಂಡೆ."

"ಅಜ್ಜಿ ಏನಂತಾರೆ?"

"ಚರ್ಚಿನಲ್ಲಿ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಾರೆ. ನನಗೇ ನಾಚಿಕೆ ಆಗುತ್ತೆ."

ಒತಿಲಿಯಾ ನಕ್ಕರು. ಆ ಕಣಿವೆಯಲ್ಲಿ ಹರಕೆ ಹೊರದ ಮನೆಯಿಲ್ಲ. ಮಗನಿಗೆ ಜ್ವರ ಬಿಟ್ಟರೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎನ್ನುವವರು, ಗಂಡನಿಗೆ ಕೆಲಸ ಸಿಕ್ಕರೆ ಜಡೆ ಕತ್ತರಿಸಿ ಮಾತೆಯ ಪಾದಕ್ಕಿಡುತ್ತೇನೆ ಎನ್ನುವವರು, ಇಷ್ಟದ ತಿನಿಸನ್ನು ಬಿಡುವವರು. ಹೊರಗಿನಿಂದ ಬಂದವರಾಗಿದ್ದರೆ ಇಂಥ ಭಕ್ತಿಯನ್ನು ರೋಗ ಎಂದು ಬರೆದುಬಿಡುತ್ತಿದ್ದರಲ್ಲ ಎಂದು ಅವರಿಗೆ ಅನ್ನಿಸಿತು. ನಾಲ್ಕು ಉತ್ತರಗಳ ಮುಂದಿನ ಮೂರು, ಮೂರು, ಮೂರು, ಮೂರನ್ನು ಹೊಡೆದು ಸೊನ್ನೆ ಹಾಕಿದರು. ಅಂಚಿನಲ್ಲಿ ಚಂದದ ಅಕ್ಷರದಲ್ಲಿ 'ಹರಕೆ' ಎಂದು ಬರೆದರು. ಇಪ್ಪತ್ತೈದು ಆಗಬೇಕಾಗಿದ್ದ ಅಂಕ ಹದಿಮೂರಾಯಿತು. ಯಾದಿರಾ ಮನೆಗೆ ಹೋದಳು.

ನವೆಂಬರಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಕೇಂದ್ರಕ್ಕೆ ಬಂದು ಎಲ್ಲರಿಗೂ ಶೀತಜ್ವರದ ಚುಚ್ಚುಮದ್ದು ಹಾಕುವ ದಿನವಿತ್ತು. ಒತಿಲಿಯಾರ ತೋಳು ಹಿಡಿದವಳು ಯಾದಿರಾ. ಸೂಜಿ ಇಳಿದದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ ಕೈ. ಆದರೆ ಬೆರಳು ನಲ್ಲಿ ನೀರಿನ ಹಾಗೆ ತಣ್ಣಗಿತ್ತು. ಹೊರಗೆ ಜನ ಬೆವರು ಒರೆಸಿಕೊಳ್ಳುವ ಬಿಸಿಲು. ಅವಳು ಸಮವಸ್ತ್ರದ ಒಳಗೊಂದು, ಮೇಲೊಂದು ಸ್ವೆಟರ್ ಹಾಕಿದ್ದಳು. ಪಕ್ಕದ ಮೇಜಿನ ಹೆಂಗಸು, "ನೋಡ್ರೇ, ಈ ಹುಡುಗಿ ಸಣ್ಣಗಾಗಿ ಎಷ್ಟು ಚೆಂದ ಆಗಿದ್ದಾಳೆ, ನಮಗೂ ಆ ಗುಟ್ಟು ಹೇಳೇ" ಎಂದಳು. ಯಾದಿರಾ ಹೆಮ್ಮೆಯಿಂದ ನಕ್ಕಳು. ಒತಿಲಿಯಾ ಹತ್ತಿಯುಂಡೆಯನ್ನು ತೋಳಿಗೆ ಒತ್ತಿ ಹಿಡಿದುಕೊಂಡು ಅವಳು ಹೋಗುವುದನ್ನೇ ನೋಡಿದರು. ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಕಾಗದದಲ್ಲಿ ಹದಿಮೂರು ಇತ್ತು, ಬರೆದವರು ತಾವೇ.

ಆ ವಾರದ ಭಾನುವಾರ ಮಧ್ಯಾಹ್ನ ಒತಿಲಿಯಾರ ಅಡುಗೆಮನೆಯಲ್ಲಿ ಎಂದಿನಂತೆ ಹದಿನೈದು ಜನ. ತಾಯಿ ದೋನ್ಯಾ ಕುಕಾಗೆ ತೊಂಬತ್ತೆರಡು; ಹಲ್ಲಿಲ್ಲ, ನಾಲಗೆಗೆ ವಯಸ್ಸಾಗಿಲ್ಲ. ಮೊಮ್ಮಗಳೊಬ್ಬಳು ಕಾಫಿ ಬೇಡ ಎಂದದ್ದೇ ನೆಪ, ಮುದುಕಿ ಹಳೆಯ ಕತೆ ತೆಗೆದರು.

"ಕಾಫಿ ಬೇಡ ಅನ್ನೋದಕ್ಕೂ ಎದೆಗಾರಿಕೆ ಬೇಕು. ನನ್ನ ಮಗ, ನಿಮ್ಮ ದೊಡ್ಡಪ್ಪ ಅರ್ನುಲ್ಫೋ ವಿಯೆಟ್ನಾಮ್ ಯುದ್ಧಕ್ಕೆ ಹೋದಾಗ ನಾನು ಹರಕೆ ಹೊತ್ತು ಕಾಫಿ ಬಿಟ್ಟೆ. ಹದಿನಾಲ್ಕು ತಿಂಗಳು. ಬೆಳಗ್ಗೆ ಎದ್ದರೆ ತಲೆ ಒಡೆದುಹೋಗೋದು."

"ಗೊತ್ತಮ್ಮಾ, ನೂರು ಸಲ ಕೇಳಿದ್ದೀವಿ" ಎಂದರು ಒತಿಲಿಯಾ.

"ನೂರಾ ಒಂದನೇ ಸಲ ಕೇಳು, ನಿನ್ನ ಗಂಟೇನು ಹೋಗುತ್ತೆ? ಗುರುವಾರ ಮಧ್ಯಾಹ್ನ ಬಸ್ಸಿಳಿದ. ಅವನನ್ನ ತಬ್ಬಿಕೊಂಡೆ, ಬೆರಳು ಎಣಿಸಿದೆ, ಹತ್ತೂ ಇತ್ತು. ಸಾಯಂಕಾಲದ ಹೊತ್ತಿಗೆ ಒಂದು ಪಾತ್ರೆ ಕಾಫಿ ಕುಡಿದು ಮುಗಿಸಿದ್ದೆ. ಮಾತೆಗೂ ಲೆಕ್ಕ ಗೊತ್ತು ಕಣೇ. ಕೊಟ್ಟಳು, ನಾನು ತೀರಿಸಿದೆ. ತೀರಿದ ಮೇಲೂ ಉಪವಾಸ ಕೂತರೆ ಮಾತೆಯೇ ಕೇಳ್ತಾಳೆ, ಏನೇ ಕುಕಾ, ಯಾರಿಗೋಸ್ಕರ ಇದು ಅಂತ."

ಎಲ್ಲರೂ ನಕ್ಕರು. ಒತಿಲಿಯಾ ನಗಲಿಲ್ಲ. ಒಲೆಯ ಮೇಲಿನ ಟೋರ್ಟಿಯಾ ಸೀದ ವಾಸನೆ ಬಂದಾಗ ತಾಯಿ, "ಅಲ್ಲಿ ಜನಗಳ ತೂಕ ನೋಡಿ ಸಂಬಳ ತಗೋತಾಳೆ, ಇಲ್ಲಿ ಒಂದು ಟೋರ್ಟಿಯಾ ನೋಡ್ಕೊಳ್ಳೋಕೆ ಬರಲ್ಲ. ನಮ್ಮೂರಿನ ಕಟುಕ ಹೆಂಗಸರ ತೂಕ ದೂರದಿಂದಲೇ ಹೇಳ್ತಿದ್ದ, ಅದೂ ಬಿಟ್ಟಿ" ಎಂದರು.

ಯಾರಿಗೆ ಹರಕೆ ಎಂದು ಅವರು ಯಾದಿರಾಳನ್ನು ಕೇಳಬೇಕಾಗಿರಲಿಲ್ಲ, ಅವಳಾಗಿಯೇ ಹೇಳಿದ್ದಳು. ಯಾಕೆ ಎಂದೂ ಅವಳೇ ಹೇಳಿದ್ದಳು. ಯಾವಾಗ ತೀರುತ್ತದೆ ಎಂದು ಮಾತ್ರ ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಸೋಮವಾರ ಯಂತ್ರ ತಿರುಗಿಸಿಟ್ಟು ನೇರವಾಗಿ ಒಳಗಿನ ಕೋಣೆಗೆ ಹೋದರು.

"ಡಾಕ್ಟ್ರೇ, ಸೆಪ್ಟೆಂಬರಿನ ಒಂದು ಕಾಗದ ನಾನು ಕೆಡಿಸಿದ್ದೀನಿ."

"ನೀವಾ?" ಹಾಲ್ವರ್ಸನ್ ಕನ್ನಡಕ ತೆಗೆದರು.

"ನಾನೇ. ನಿಮ್ಮ ಕಡೆಯವರು ಯಾರಾದ್ರೂ ಆಗಿದ್ರೆ ಸರಿಯಾಗಿ ಬರೀತಿದ್ರು. ಗೊತ್ತಿಲ್ಲದವರು ಕೇಳ್ತಾರೆ. ನನಗೆ ಗೊತ್ತು ಅಂದ್ಕೊಂಡೆ, ಅದಕ್ಕೇ ಕೇಳಲಿಲ್ಲ."

ಕಾಗದ ಮುಂದಿಟ್ಟರು. ಹಾಲ್ವರ್ಸನ್ ಅಂಚನ್ನು ಓದಿ, ಹೊಡೆದ ಅಂಕಗಳನ್ನು ಓದಿ, "ಇವತ್ತೇ ಕರೆಸಿ" ಎಂದರು. "ನೀವೇ ಮಾತಾಡಿ. ನಾನು ಆಮೇಲೆ ಬರ್ತೀನಿ."

ಮಧ್ಯಾಹ್ನ ಮೂರಕ್ಕೆ ಯಾದಿರಾ ಬಂದಳು. ಒತಿಲಿಯಾ ರಕ್ತದೊತ್ತಡದ ಯಂತ್ರದ ಪಟ್ಟಿ ಕಟ್ಟಲಿಲ್ಲ. ಅವಳನ್ನು ಮಲಗಿಸಿ, ಮಣಿಕಟ್ಟಿಗೆ ಮೂರು ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತಾ ಇಡೀ ಒಂದು ನಿಮಿಷ ಎಣಿಸಿದರು. ನಲವತ್ತನಾಲ್ಕು. ಎಬ್ಬಿಸಿ ನಿಲ್ಲಿಸಿ ಇನ್ನೊಮ್ಮೆ ಎಣಿಸಿದಾಗ ಅದು ತೊಂಬತ್ತೆರಡಕ್ಕೆ ಹಾರಿತ್ತು. ಹುಡುಗಿ ಮೇಜಿನ ಅಂಚು ಹಿಡಿದುಕೊಂಡಳು.

"ಕೂತ್ಕೋ. ಅಪ್ಪ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ಏಪ್ರಿಲ್‌ನಿಂದ ಕೆಲಸಕ್ಕೆ ಹೋಗ್ತಿದ್ದಾರೆ."

"ಮಾತೆ ಕೊಟ್ಟಳು ಅನ್ನು."

"ಕೊಟ್ಟಳು."

"ಹಾಗಾದ್ರೆ ಹರಕೆ ತೀರಿತು."

ಯಾದಿರಾ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇನ್ನೊಂದು ಸ್ವಲ್ಪ ದಿನ ಅಂತ ಮುಂದುವರಿಸಿದೆ. ಕೃತಜ್ಞತೆಗೆ."

"ಎಲ್ಲೀವರೆಗೆ?"

"ಕ್ರಿಸ್‌ಮಸ್‌ವರೆಗೆ ಇರಬಹುದು."

"ಕ್ರಿಸ್‌ಮಸ್ ದಿನ ಅಜ್ಜಿ ಮಾಡಿದ ತಮಾಲೆ ಕಡುಬು ತಿಂತೀಯಾ?"

ಯಾದಿರಾ ಜಡೆಯ ತುದಿ ಬಿಚ್ಚಿ ಮತ್ತೆ ಸುತ್ತಿಕೊಂಡಳು. ಕಿಟಕಿಯಾಚೆ ಹಕ್ಕಿಗಳು ಒಂದೇ ಸಮನೆ ಕೂಗುತ್ತಿದ್ದವು. ಒತಿಲಿಯಾ ಕಾದರು. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಅವರು ಚೆನ್ನಾಗಿ ಕಲಿತ ವಿದ್ಯೆ ಅದು.

"ದೋನ್ಯಾ," ಎಂದಳು ಕೊನೆಗೆ, "ಅದು ತೀರೋದೇ ಬೇಡ ಅನ್ಸುತ್ತೆ. ತಿನ್ನದೆ ಇದ್ದಾಗ ಮಾತ್ರ ನಾನು ಒಳ್ಳೆಯವಳು ಅನ್ಸುತ್ತೆ. ಹರಕೆ ತೀರಿತು ಅಂದ್ರೆ ನಾನು ಏನು ಹೇಳ್ಲಿ ಎಲ್ಲರಿಗೂ?"

ಒತಿಲಿಯಾ ಹೊಸ ಕಾಗದ ತೆಗೆದರು. ಮೂವತ್ತು ಪ್ರಶ್ನೆಗಳನ್ನೂ ಮೊದಲಿನಿಂದ, ಒಂದೊಂದಾಗಿ ಕೇಳಿದರು. ಈ ಸಲ ಇನ್ನೂ ಕೆಲವು ಉತ್ತರಗಳು ಬದಲಾದವು. ಮೊತ್ತ ಮೂವತ್ತೆಂಟು. ಅಂಚನ್ನು ಖಾಲಿ ಬಿಟ್ಟರು.

ಹಾಲ್ವರ್ಸನ್ ಹೃದಯದ ಪರೀಕ್ಷೆ ಮಾಡಿಸಿದರು, ರಕ್ತ ತೆಗೆಸಿದರು. ಇನ್ನು ಕೆಲವು ವಾರ ಹೀಗೇ ಸಾಗಿದ್ದರೆ ಯಾವುದೋ ವಾರ್ಡಿನ ನಡುವೆ, ಯಾರದೋ ಹಾಸಿಗೆಯ ಪಕ್ಕದಲ್ಲಿ ಅವಳ ಎದೆ ನಿಂತುಬಿಡಬಹುದಿತ್ತು ಎಂದು ಅವಳಿಗೇ ನೇರವಾಗಿ ಹೇಳಿದರು. ಒಂದು ವಾರ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಆ ಅವಧಿಯ ತರಬೇತಿ ಹೋಯಿತು, ಅಂದರೆ ಒಂದು ವರ್ಷ ಹಿಂದೆ ಬಿದ್ದಂತೆ. ಹೊರಡುವಾಗ ಯಾದಿರಾ ಒತಿಲಿಯಾರ ಮುಖ ನೋಡಲಿಲ್ಲ.

ಮೂರನೆಯ ವಾರ ಅವಳ ಅಜ್ಜಿ ಬಂದರು. ದೋನ್ಯಾ ಸೊಕೊರೋ, ಗಿಡ್ಡ ಹೆಂಗಸು, ತೋಳಿನಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಕೋಪದಲ್ಲಿ ಬರುವಾಗಲೂ ಬರಿಗೈಯಲ್ಲಿ ಬರುವ ಪದ್ಧತಿ ಅಲ್ಲಿಲ್ಲ. ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದರು.

"ನನ್ನ ಮೊಮ್ಮಗಳ ಹರಕೆ ಮುರಿಸಿದವರು ನೀವೇನಾ?"

"ಯಾದಿರಾ ವಿಷಯ ನಾನು ಬಾಯಿ ಬಿಡೋ ಹಾಗಿಲ್ಲ ದೋನ್ಯಾ ಸೊಕೊರೋ. ಅವಳೇ ಹೇಳಬೇಕು."

"ಹೇಳಿದ್ದಾಳೆ. ಅದಕ್ಕೇ ಬಂದೆ. ನಾಳೆ ನನ್ನ ಮಗ ಮತ್ತೆ ಹಾಸಿಗೆ ಹಿಡಿದ್ರೆ ಹೊಣೆ ಯಾರು? ಈ ತೂಕದ ಡಬ್ಬಾನಾ?"

"ಕೂತ್ಕೊಳ್ಳಿ. ಹರಕೆ ವಿಷಯ ಮಾತಾಡೋಣ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನೀವು ಎಷ್ಟು ಹೊತ್ತಿದ್ದೀರಿ ಇದುವರೆಗೆ?"

"ಆರು," ಎಂದರು ಮುದುಕಿ, ಬೆನ್ನು ನೆಟ್ಟಗೆ ಮಾಡಿ. "ಆರೂ ತೀರಿಸಿದ್ದೀನಿ. ಒಂದು ಸಲ ಮೊಣಕಾಲ ಮೇಲೆ ಹೋಗಿದ್ದೀನಿ, ಬಾಗಿಲಿಂದ ಪೀಠದವರೆಗೆ."

"ಯಾವುದಾದ್ರೂ ಒಂದನ್ನ ಇಂಥಾ ದಿನ ತೀರಿಸ್ತೀನಿ ಅಂತ ಹೇಳದೆ ಹೊತ್ತಿದ್ದು ಉಂಟಾ?"

"ಅದೇನು ಮಾತು? ದಿನ ಹೇಳದೆ ಹೊತ್ತರೆ ಅದು..." ದೋನ್ಯಾ ಸೊಕೊರೋ ಅಲ್ಲಿಗೆ ನಿಲ್ಲಿಸಿದರು. ಪಾತ್ರೆಯ ಬಟ್ಟೆಯ ಗಂಟನ್ನು ನೋಡಿದರು. "ನನ್ನ ಮಗ ಏಪ್ರಿಲ್‌ನಲ್ಲೇ ಕೆಲಸಕ್ಕೆ ಹೋದ" ಎಂದರು. ಬೆರಳು ಮಡಚಿ ಎಣಿಸಿದರು. "ಏಳು ತಿಂಗಳು ಅವಳ ಪಾಲಿನ ಟೋರ್ಟಿಯಾ ನಾಯಿಗೆ ಹಾಕ್ದೆ. ಹೆಮ್ಮೆಯಿಂದ ಹಾಕ್ದೆ."

"ನಾನು ಹೆಮ್ಮೆಯಿಂದ ಬರೆದೆ" ಎಂದರು ಒತಿಲಿಯಾ.

ಮುದುಕಿ ಪಾತ್ರೆಯ ಗಂಟು ಬಿಚ್ಚಿ, "ಕೋಳಿ ಸಾರು. ಆರಿಹೋಗುತ್ತೆ, ತಿನ್ನಿ. ನಿಮ್ಮನ್ನ ನೋಡಿದ್ರೆ ನಿಮಗೂ ಯಾರೋ ಹರಕೆ ಹೊರಿಸಿದ ಹಾಗಿದೆ" ಎಂದರು.

ಡಿಸೆಂಬರಿನಲ್ಲಿ ಬರುವ ಗ್ವಾಡಲೂಪೆ ಮಾತೆಯ ಹಬ್ಬದ ಮಾರನೆಯ ದಿನ ಅಜ್ಜಿ ಮೊಮ್ಮಗಳು ಇಬ್ಬರೂ ಸಾನ್ ಹುವಾನ್ ಮಾತೆಯ ಗುಡಿಗೆ ಹೋದರು. ಹರಕೆ ತೀರಿತೆಂದು ಪಾದ್ರಿಯ ಎದುರು ಹೇಳಿ, ತೀರಿದ ಮೇಲೂ ಹೆಚ್ಚಿಗೆ ಎಳೆದ ದಿನಗಳ ತಪ್ಪಿಗೆ ಯಾದಿರಾಳ ಜಡೆಯನ್ನು ಕತ್ತರಿಸಿ ಮಾತೆಯ ಪಾದದ ಬಳಿ ಇಟ್ಟು ಬಂದರು. ಮುದುಕಿ ಇದನ್ನೂ ಚರ್ಚಿನಲ್ಲಿ ಎಲ್ಲರಿಗೂ ಹೇಳಿದರು. ಊರಿಗೆ ಏನು ಹೇಳುವುದೆಂಬ ಹುಡುಗಿಯ ಚಿಂತೆಗೆ ಅಷ್ಟು ಸಾಕಾಯಿತು. ಅದರಿಂದ ಕಾಯಿಲೆ ವಾಸಿಯಾಗಲಿಲ್ಲ, ಅಜ್ಜಿಯೂ ಹಾಗೆ ಹೇಳಲಿಲ್ಲ. ಕ್ರಿಸ್‌ಮಸ್ ದಿನ ಯಾದಿರಾ ಒಂದು ತಮಾಲೆಯನ್ನು ನಲವತ್ತು ನಿಮಿಷ ಕೂತು ತಿಂದಳು. ಅರ್ಧಕ್ಕೆ ಅತ್ತಳು. ಯಾರೂ ಇನ್ನೊಂದು ಬಡಿಸಲಿಲ್ಲ. ಆ ಮನೆಯಲ್ಲಿ ಹಾಗಾದದ್ದು ಅದೇ ಮೊದಲು.

ಜನವರಿಯಲ್ಲಿ ಹಾಲ್ವರ್ಸನ್ ಕಾಗದಕ್ಕೆ ಒಂದು ಪ್ರಶ್ನೆ ಸೇರಿಸಬೇಕೆಂದು ಮೇಲಿನವರಿಗೆ ಬರೆದರು. ಅವರು ಮೊದಲು ಇಟ್ಟ ವಾಕ್ಯ ನಾಲ್ಕು ಸಾಲು ಉದ್ದವಿತ್ತು. ಒತಿಲಿಯಾ ಓದಿ, "ಇದನ್ನ ಕೇಳಿ ಮುಗಿಸೋ ಹೊತ್ತಿಗೆ ಹುಡುಗಿ ಡಿಗ್ರಿ ತಗೊಂಡು ಹೋಗಿರ್ತಾಳೆ ಡಾಕ್ಟ್ರೇ" ಎಂದು ಪೆನ್ನು ತೆಗೆದುಕೊಂಡರು. ಈಗ ಕಾಗದದ ಕೊನೆಯಲ್ಲಿ ಅಚ್ಚಾಗಿರುವುದು ಅವರ ವಾಕ್ಯವೇ: ನೀವು ಏನನ್ನಾದರೂ ತಿನ್ನುವುದಿಲ್ಲವೆಂದು ಹರಕೆ ಹೊತ್ತಿದ್ದರೆ, ಅದು ಯಾವ ದಿನ ತೀರುತ್ತದೆ? ಹರಕೆ ಇಲ್ಲ ಎಂದು ಬರೆದವರಿಗೂ ದಿನ ಬರೆದವರಿಗೂ ಸೊನ್ನೆ. ಜಾಗ ಖಾಲಿ ಬಿಟ್ಟವರನ್ನು ಅಂಕ ಎಷ್ಟೇ ಇರಲಿ ಒಳಗೆ ಕರೆಯುತ್ತಾರೆ. ಮೊದಲ ಎರಡು ತಿಂಗಳಲ್ಲಿ ಐವರು ಖಾಲಿ ಬಿಟ್ಟಿದ್ದರು. ಅವರಲ್ಲಿ ಇಬ್ಬರದ್ದು ಬರೀ ಮರೆವು. ಮೂವರದ್ದು ಮರೆವಲ್ಲ.

ಹೊಸ ಕಾಗದದ ಒಂದು ಪ್ರತಿಯನ್ನು ಒತಿಲಿಯಾ ಮನೆಗೆ ಒಯ್ದು ಚೌಕಟ್ಟು ಹಾಕಿಸಿದರು. ಪ್ರಮಾಣಪತ್ರದ ಕೆಳಗೆ ಅದಕ್ಕೊಂದು ಮೊಳೆ ಹೊಡೆದರು. ದೋನ್ಯಾ ಕುಕಾಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಮುದುಕಿ, "ಇದು ನನ್ನ ಮಾತು. ನಿನ್ನ ಹೆಸರಲ್ಲಿ ಯಾಕಿದೆ?" ಎಂದರು.

"ಯಾರ ಹೆಸರೂ ಇಲ್ಲಮ್ಮಾ ಅದರಲ್ಲಿ."

"ಮತ್ತೆ ಚೌಕಟ್ಟು ಯಾಕೆ ಹಾಕಿಸಿದೆ?" ಎಂದು ಕೇಳಿ, ಇನ್ನೊಂದು ಲೋಟ ಕಾಫಿಗೆ ಕೈ ಚಾಚಿದರು.

ಯಾದಿರಾ ಪ್ರತಿ ಮಂಗಳವಾರ ಸಂಜೆ ನಾಲ್ಕಕ್ಕೆ ಬರುತ್ತಾಳೆ. ಮೊದಲ ಐದು ವಾರ ಒಂದು ಮಾತೂ ಆಡಲಿಲ್ಲ. ಆರನೆಯ ವಾರ, ಯಂತ್ರದ ಮೇಲೆ ಕಿಟಕಿಗೆ ಮುಖ ಮಾಡಿ ನಿಂತು, "ಆ ಹಕ್ಕಿಗಳಿಗೆ ದಿನಾ ಜಗಳಕ್ಕೆ ಏನು ಸಿಗುತ್ತೆ ದೋನ್ಯಾ?" ಎಂದು ಕೇಳಿದಳು. ಕತ್ತರಿಸಿದ ಕೂದಲು ಈಗ ಭುಜಕ್ಕೆ ಬಂದಿದೆ. ಕಳೆದ ವಾರ ನಾಡಿ ಅರವತ್ತೊಂದಿತ್ತು. ಒತಿಲಿಯಾ ಅದನ್ನು ಎರಡು ಸಲ ಎಣಿಸಿ ನೋಡಿದರು.

ಆಗಸ್ಟಿನ ಮೂರನೆಯ ಸೋಮವಾರ ಅವಳ ಆಸ್ಪತ್ರೆ ತರಬೇತಿ ಮತ್ತೆ ಶುರುವಾಗುತ್ತದೆ. ಮಂಗಳವಾರದ ನಾಲ್ಕು ಗಂಟೆಯ ಜಾಗವನ್ನು ಒತಿಲಿಯಾ ಡಿಸೆಂಬರಿನವರೆಗೂ ಅವಳ ಹೆಸರಿಗೇ ಬರೆದಿಟ್ಟಿದ್ದಾರೆ.